ಸೀರೆ ಮಗ್ಗದಲ್ಲಿದ್ದ ಹತ್ತೊಂಬತ್ತು ದಿನ

೫ ಆಗಸ್ಟ್ ೨೦೨೪, ಸೋಮವಾರ, ಬೆಳಗ್ಗೆ ೬

ಜಯಪ್ರಿಯಾಳಿಗೆ ಬರೆದ ಪತ್ರದಲ್ಲಿ ತಪ್ಪಾಗಿದೆ. ಇಂದುಜಾಳ ಕ್ಷಯರೋಗದ ಮಾತ್ರೆ ಆರಂಭವಾದದ್ದು ಫೆಬ್ರವರಿ ಹದಿನಾಲ್ಕರಂದಲ್ಲ, ಹನ್ನೆರಡರಂದು. ಕ್ಷಮೆ ಕೋರಿ ಇನ್ನೊಂದು ಪತ್ರ ಬರೆದೆ. ತಂಗಿಯ ಮೊಮ್ಮಗಳಾದರೂ ಅವಳು ಸಂಶೋಧಕಿ. ತಪ್ಪು ದಿನಾಂಕ ಕೊಡಬಾರದು.

ಇಂದುಜಾ ನನ್ನ ಸ್ವಂತ ಮೊಮ್ಮಗಳು. ಕೆಮ್ಮು ಮರಳಿದೆ. ಐದನೆಯ ತಿಂಗಳ ಕಫದಲ್ಲಿಯೂ ಕ್ರಿಮಿ ಕಂಡಿದೆ… ಮಾತ್ರೆ ಕೊಟ್ಟು ಕಾರ್ಡಿನಲ್ಲಿ ಗುರುತು ಹಾಕಿದೆ. ಆ ಕೆಲಸ ಮೊದಲಿನಿಂದಲೂ ನನ್ನದೇ.

೮ ಆಗಸ್ಟ್, ಗುರುವಾರ

ಜಯಪ್ರಿಯಾ ಕೊಯಮತ್ತೂರಿನಿಂದ ಸೂಲೂರಿಗೆ, ನಮ್ಮ ಮನೆಗೆ ಬಂದಿದ್ದಳು. ಈ ಕ್ರಿಮಿ ಸಾರಜನಕವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದೇ ಅವಳ ಅಧ್ಯಯನ. ಕೇಳಿದೆ.

"ಶ್ವಾಸಕೋಶದ ಗಂಟಿನೊಳಗೆ ಗಾಳಿನೇ ಇರಲ್ಲ ತಾತಾ. ಆದ್ರೂ ಸಾಯಲ್ಲ ಅದು. ನೈಟ್ರೇಟ್ ಇಟ್ಕೊಂಡು ಸಮಾಳಿಸುತ್ತೆ. ಅದಕ್ಕೇಂತ ಒಂದು ಎನ್ಜೈಮ್ ಇದೆ—"

"ಕಿಣ್ವ ಎನ್ನು."

"ಸರಿ, ಕಿಣ್ವ. ಪೇರು ಮಾತ್ತಿದ್ರೆ, ಹೆಸರು ಬದಲಾದ್ರೆ ಹೆದರಿ ಓಡುತ್ತಾ?"

ಇಂದುಜಾ ನಕ್ಕಳು, ನಗು ಕೆಮ್ಮಾಯಿತು.

ನಮ್ಮ ಜೀವಕೋಶ ಆಮ್ಲದಿಂದ ಕೊಲ್ಲಲು ನೋಡಿದರೆ, ಕ್ರಿಮಿ ಮತ್ತೊಂದು ಕಿಣ್ವದಿಂದ ಅಮೋನಿಯಾ ಬಿಟ್ಟು ಆಮ್ಲವನ್ನೇ ತಣಿಸುವುದಂತೆ. ಹೀಗೆ ಅಲುಗದೆ ಕಾಯುವುದು. ಕೆಮ್ಮು ನಿಂತ ಮೇಲೂ ತಿಂಗಳುಗಟ್ಟಲೆ ಮಾತ್ರೆ ಬೇಕಾಗುವುದು ಇದಕ್ಕೇ.

"ನಡುವೆ ಬಿಡಲಿಲ್ಲ ತಾನೆ ತಾತಾ? ಡಾಕ್ಟರ್ ಕೇಳ್ತಾರೆ. ಬಿಡದೇ ತಿಂದೂ ಹಿಂಗಾದ್ರೆ ಈ ಔಷಧ ಕೇಳ್ತಿಲ್ಲಾಂತ ಅರ್ಥ. ಬೇರೆ ಕೊಡ್ತಾರೆ. ರೊಂಬ ಬಲವಾದದ್ದು, ಮೈ ತಾಳಬೇಕು."

"ಒಂದು ದಿನವೂ ಬಿಟ್ಟಿಲ್ಲ" ಎಂದೆ.

ಇಂದುಜಾ ನೆಲ ನೋಡುತ್ತಿದ್ದಳು.

೯ ಆಗಸ್ಟ್, ಶುಕ್ರವಾರ

ಇಲ್ಲಿಯಾದರೂ ಬರೆಯಬೇಕು. ಈ ಮನೆಯಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ; ಉಳಿದವರೆಲ್ಲ ಶಾಲೆಯಲ್ಲಿ ಕಲಿತದ್ದು ತಮಿಳು.

ಇಂದುಜಾಳ ಮದುವೆ ಗೊತ್ತಾಗಿತ್ತು. ಮದುವೆಯ ಸೀರೆಯನ್ನು ನಮ್ಮ ಮಗ್ಗದಲ್ಲಿಯೇ ನೇಯುವುದು, ಅದು ಮಗ್ಗದಿಂದ ಇಳಿಯುವವರೆಗೆ ಗಂಡಿನ ತಾಯಿ ನಮ್ಮಲ್ಲಿ ಉಳಿಯುವುದು— ಮನೆಯ ಪದ್ಧತಿ. ಮೇ ಆರರಂದು ಕುನ್ನತ್ತೂರಿನಿಂದ ಗಂಡಿನ ತಾಯಿ ಸಾಮಿಯಾತಾಳ್ ಬಂದರು. ಆ ಮಾತ್ರೆ ತಿಂದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇರುವುದೊಂದೇ ಬಚ್ಚಲು. ಕಂಡರೆ ಕೇಳದಿರುವರೆ? ಸಂಬಂಧ ಮುರಿದರೆ?

"ನಾಲ್ಕು ದಿನ ಮಾತ್ರೆ ಬೇಡ" ಎಂದೆ ಇಂದುಜಾಳಿಗೆ. ಮಗ್ಗದಲ್ಲಿ ಹಾಸಿನ ನೂಲು ಹರಿದು ನಾಲ್ಕು ದಿನ ಹತ್ತೊಂಬತ್ತಾಯಿತು. ಕೆಮ್ಮಿರಲಿಲ್ಲ. ಮೈ ತುಂಬಿಕೊಂಡಿದ್ದಳು. ನಾನು ಮಾತ್ರ ಪ್ರತಿದಿನ ಬೆಳಗ್ಗೆ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದೆ.

೧೩ ಆಗಸ್ಟ್, ಮಂಗಳವಾರ

ಜಯಪ್ರಿಯಾಳ ದೂರವಾಣಿ ಕರೆ.

"ತಾತಾ, ಇಂದುಜಾ ಡಾಕ್ಟರ್ ಹತ್ರ ಒಪ್ಕೊಂಡಳು. ತಾನೇ ಮಾತ್ರೆ ಬಿಸಾಕ್ದೆ, ತಾತಂಗೆ ಗೊತ್ತೇ ಇಲ್ಲ ಅಂದಳು. ಮೂರು ದಿನ ಅಂತೆ. ಚೆನ್ನಾಗಿ ಬೈಸಿಕೊಂಡಳು, ಪಾವಂ. ಆದ್ರೆ ಮೂರು ದಿನಕ್ಕೆಲ್ಲ ಹಿಂಗಾಗಲ್ಲ ಅಂದ್ಬಿಟ್ರು. ನಾಳಿದ್ದೇ ಆ ಬಲವಾದ ಮಾತ್ರೆಗೆ ಮಾತ್ತಬೇಕಂತೆ."

ಇಂದುಜಾಳನ್ನು ಕರೆದೆ. "ಏಕೆ ಸುಳ್ಳು ಹೇಳಿದೆ?"

"ಎಲ್ಲಾರಿಗೂ ನಿಮ್ಮ ಕಾರ್ಡನ್ನೇ ತೋರಿಸ್ತಾರೆ ತಾತಾ ಆ ಡಾಕ್ಟರು. ಬರೆದಿಟ್ರೆ ಈ ಪೆರಿಯವರ, ಈ ಹಿರೀಕರ ಹಂಗೆ ಬರೀಬೇಕೂಂತ. ಅದು ಸುಳ್ಳೂಂತ ನನ್ನ ಬಾಯಲ್ಲಿ ಹೆಂಗೆ ಬರುತ್ತೆ?"

ಕಾರ್ಡು ತೆಗೆದುಕೊಂಡು ಮಗ್ಗದ ಬಳಿ ಹೋಗಿ ಕುಳಿತೆ.

ಅದೇ ದಿನ, ಸಂಜೆ ೪

ನಾಳೆ ವೈದ್ಯರ ಕೈಗೆ ಇದನ್ನು ನಾನೇ ಕೊಡಬೇಕು. ಮೊದಲು ಇಲ್ಲಿ, ಬಳಿಕ ತಮಿಳಿನಲ್ಲಿ. ಕಾರ್ಡಿನ ಗುರುತುಗಳ ತಿದ್ದುಪಡಿ:

ಮೇ ೬ — ಕೊಡಲಿಲ್ಲ.
ಮೇ ೭ — ಕೊಡಲಿಲ್ಲ.
ಮೇ ೮ — ಕೊಡಲಿಲ್ಲ. ಇಂದುಜಾ ಕೇಳಿದಳು.
ಮೇ ೯ — ಕೊಡಲಿಲ್ಲ. ಸನ್ನೆಯಲ್ಲಿ ಕೇಳಿದಳು.
ಮೇ ೧೦ — ನೂಲು ಹರಿದು ಮಗ್ಗ ನಿಂತಿತು. ಕೊಡಲಿಲ್ಲ.
ಮೇ ೧೧ — ಹಿತ್ತಲಿಗೆ ಬಂದು ಕೈಯೊಡ್ಡಿದಳು. ಗದರಿಸಿ ಕಳುಹಿಸಿದೆ.
ಮೇ ೧೨ — ಕೊಡಲಿಲ್ಲ. ಅವಳು ಕೇಳಲಿಲ್ಲ.
ಮೇ ೧೩ — ಕೊಡಲಿಲ್ಲ. ಇನ್ನೂ ಹನ್ನೊಂದು ದಿನ ಬರೆಯಬೇಕು.