ಪೂಜೆಗೆ ಕೂತ ಹುಡುಗಿ

ಚಾಮರಾಜನಗರ
ಆಗಸ್ಟ್ 12, 2024

ಅವ್ವನಿಗೆ, ಮಗಳು ಮಧುಶ್ರೀಯ ಶರಣು.

ಫೋನಿನಲ್ಲಿ ಮದುವೆಯ ಮಾತೆತ್ತಿದರೆ ನೀನು ಸಾರಿನ ಮಾತಿಗೆ ಹಾರುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು.

ಗುಂಡ್ಲುಪೇಟೆಯ ಸುಂದ್ರಮ್ಮನವರು ನನ್ನನ್ನು ಸೊಸೆ ಅಂತ ಒಪ್ಪಿದ್ದು ಯಾಕೆ ಹೇಳು? ಅವರು ಭೀಮನಬೀಡಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನಾನು ಒಳಗೆ ಲಿಂಗಪೂಜೆಗೆ ಕೂತಿದ್ದೆ. ಎಡ ಅಂಗೈ ಮೇಲೇ ಕಣ್ಣು, ಮಿಸುಕಾಟವಿಲ್ಲ. "ಈ ಕಾಲದಲ್ಲೂ ಇಂತಾ ಮಕ್ಳವ್ರಲ್ಲಾ ಶಿವ್ನೇ!" ಅಂತ ಗಲ್ಲ ಬಡಿದುಕೊಂಡರು. ಆ ಅಂಗೈಯಲ್ಲಿ ಇದ್ದದ್ದು ಮೊಬೈಲು. ವಿಭೂತಿ ತಟ್ಟೆ ಇಡುವ ನೆಪದಲ್ಲಿ ಬಂದು ನೀನೂ ನೋಡಿದೆ. ಕಪಾಳಕ್ಕೆ ಬಿಡುತ್ತೀಯ ಅಂದುಕೊಂಡೆ. ನೀನು ನನ್ನ ಸೆರಗೆಳೆದು ಕೈಮೇಲೆ ಹೊದಿಸಿ, "ಅಂಗೇ ಕೂತ್ಕೊ ಕಣಮ್ಮಿ, ಅವ್ರು ನೋಡ್ತಾವ್ರೆ" ಅಂದೆ.

ನನಗೇನಾಗಿದೆ ಅಂತ ಒಂದು ಸಲವಾದರೂ ಕೇಳಿದೆಯಾ?

ಕೊರೊನಾಗೆ ಮುಂಚೆ ನಾನು ನಿಜವಾಗಿಯೂ ಪೂಜೆಗೆ ಕೂರುತ್ತಿದ್ದೆ. ಆಮೇಲೆ ಕಾಲೇಜು ಮುಚ್ಚಿತು. ಕೋಣೆ, ಮಂಚ, ಆನ್‌ಲೈನ್ ಕ್ಲಾಸು. ಕ್ಲಾಸು ಮುಗಿದ ಮೇಲೂ ಫೋನು. ಹಗಲು ನಿದ್ದೆ, ರಾತ್ರಿ ಎಚ್ಚರ. ಮಗಳು ಹೊಸಿಲು ದಾಟಲ್ಲ ಅಂತ ನೀನು ಊರಿಗೆಲ್ಲ ಜಂಬ ಕೊಚ್ಚಿಕೊಂಡೆ. ಈಗ ಲಿಂಗ ಹಿಡಿದು ಕೂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳು ಫೋನಿಗಾಗಿ ತಡಕಾಡುತ್ತದೆ. ಇಲ್ಲಿ ಕೋಚಿಂಗಿನಲ್ಲಿ ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಮದ್ವೆ ಆದ್ರೆ ಎಲ್ಲ ಸರ್ಯಾಯ್ತದೆ ಬುಡು" ಅಂದೆ. ಮಗಳಿಗಿಂತ ಮರ್ಯಾದೆ ದೊಡ್ಡದಾಯಿತೇನವ್ವ?

ಈ ಮದುವೆ ಬೇಡ. ಬರುವ ಸೋಮವಾರ ತಾಂಬೂಲ ಬದಲಾಯಿಸಲು ಬರುವವರಿಗೆ ನೀನೇ ಹೇಳಿಬಿಡು. ಮೊದಲು ನನ್ನನ್ನು ಡಾಕ್ಟರಿಗೆ ತೋರಿಸು.

ಇಂತಿ,
ಸಿಟ್ಟಿದ್ದರೂ ನಿನ್ನ ಮಗಳೇ ಆದ
ಮಧುಶ್ರೀ

ತಾ.ಕ.: ನೀನು ಹೇಳಲಾರೆ ಅಂತ ಗೊತ್ತು. ನಿನ್ನೆ ನಾನೇ ಆ ಹುಡುಗ ಮಲ್ಲಿಕಾರ್ಜುನಸ್ವಾಮಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನೇ ಬೇಡ ಅನ್ನಲಿ ಅಂತ. ಅವನು ನಕ್ಕುಬಿಟ್ಟ. "ಪೂಜೇಲಿ ನಂದೂ ಮೊಬೈಲೇ ಕಣ್ರೀ, ನಮ್ಮವ್ವಂಗೆ ಇನ್ನೂ ಗೊತ್ತಿಲ್ಲ. ಒಳ್ಳೆ ಜೋಡಿ ಬುಡಿ!" ಅಂದ. ಮಾತಾಡುತ್ತಿದ್ದಾಗಲೂ ಆ ಕಡೆಯಿಂದ ರೀಲ್ಸಿನ ಸದ್ದು ಕೇಳುತ್ತಿತ್ತು. ಭಯವಾಗುತ್ತಿದೆ ಅವ್ವ. ಕೈ ಹಿಡಿದು ಎಬ್ಬಿಸುವವರು ಆ ಮನೆಯಲ್ಲೂ ಇಲ್ಲ.