ಪಡುವಣ ಬದುವಿಗೆ ಹೊಗೆ ಹಾಕಿಲ್ಲ

ತಾತಾ,

ನೀನು ಇದ್ದಿದ್ದರೆ ಈಗ "ಕೂತ್ಕಳಮ್ಮಿ, ಕಾಲು ಸುಟ್ಟ ಬೆಕ್ಕಿನಂಗೆ ಯಾಕಂಗೆ ಓಡಾಡ್ತೀಯ" ಅಂತ ಗದರುತ್ತಿದ್ದೆ. ಏನು ಮಾಡಲಿ, ಕೂರುವುದಕ್ಕೇ ಆಗುತ್ತಿಲ್ಲ. ಇಂಟರ್ವ್ಯೂನಲ್ಲಿ ನಾನೊಂದು ಮಾತು ಆಡಿಬಿಟ್ಟೆ. ನಿನಗೆ ಎದುರಾಡಿದ ಹಾಗಾಯಿತೋ ಏನೋ. ಅದನ್ನು ನಿನಗೆ ಹೇಳದೆ ಅನ್ನ ಸೇರುತ್ತಿಲ್ಲ.

ನೆನಪಿದೆಯಾ, ಸೈನ್ಸ್ ಸ್ಕೂಲಿಗೆ ಸೇರುವ ಲಿಖಿತ ಪರೀಕ್ಷೆ ಪಾಸಾದ ದಿನ ನೀನು ಟವೆಲ್ಲನ್ನೇ ಕೋಟಿನ ಹಾಗೆ ಹೊದ್ದು, ಜಗಲಿಯ ಮೇಲೆ ಸಾಹೇಬನಾಗಿ ಕೂತಿದ್ದು? "ಹೆಸರೇನಮ್ಮಿ?" ಅಂತ ಶುರುಮಾಡಿ, ಮೂರನೇ ಪ್ರಶ್ನೆಗೇ ಸ್ಟಾಕು ಮುಗಿದು, "ಆನೆ ಯಾಕೆ ರಾಗಿಗೆ ಬತ್ತದೆ?" ಅಂತ ಕೇಳಿದೆ. ಹೊಸೂರಿಗೆ ಶಿಫ್ಟಿಗೆ ಹೊರಟಿದ್ದ ಅಪ್ಪ ನಕ್ಕ. "ಅಲ್ಲಿ ಫಿಸಿಕ್ಸು ಕೇಳ್ತಾರೆ ಕಣಪ್ಪಾ, ಆನೆ ಕೇಳಾಕಿಲ್ಲ." ನೀನು ಬಿಡಬೇಕಲ್ಲ, "ಕೇಳ್ದಿದ್ರೆ ಬುಡ್ಲಾ, ಇವಳಿಗೆ ಗೊತ್ತಿರ್ಬೇಕು" ಅಂದೆ. ಇಂಟರ್ವ್ಯೂಗೆ ಇನ್ನೂ ಎಂಟು ದಿನ ಇರುವಾಗಲೇ ಹೋಗ್ಬುಟ್ಟೆಯಲ್ಲ ತಾತ. ಅಷ್ಟೇನು ಅವಸರವಿತ್ತು?

ಅಲ್ಲಿ ಮೂರು ಜನ ಕೂತಿದ್ದರು. ಕನ್ನಡಕದ ಮೇಡಂ ತಮಿಳಿನಲ್ಲಿ ಕೇಳಿದರು, ನಿಮ್ಮೂರಲ್ಲಿ ನೀನೇ ಕಣ್ಣಾರೆ ನೋಡಿದ ವಿಜ್ಞಾನ ಯಾವುದು ಅಂತ. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ನಮ್ಮ ಹೊಲ ಸಾನಮಾವು ಕಾಡಿನ ಪಕ್ಕ ಅಂದೆ. ರಾಗಿ ತೆನೆ ಕಟ್ಟಿದಾಗ ನೀನು ಸಂಜೆಸಂಜೆ ನಾಲ್ಕೂ ಕಡೆ ಬೆರಣಿ ಮೇಲೆ ಒಣಮೆಣಸಿನಕಾಯಿ ಹಾಕಿ ಹೊಗೆ ಎಬ್ಬಿಸುವುದು, ಆ ಘಾಟಿಗೆ ಆನೆ ಈ ಕಡೆ ತಲೆ ಹಾಕದಿರುವುದು, ನಾನು ಕೆಮ್ಮಿ ಕೆಮ್ಮಿ ನಿನ್ನನ್ನು ಬೈಯುವುದು… ಎಲ್ಲಾ ಹೇಳಿದೆ. ಅವರು ಕೇಳಿಸಿಕೊಂಡು, "ಹೊಗೆಗೇ ಬರಲಿಲ್ಲ ಅಂತ ಹೇಗೆ ಗೊತ್ತು? ಹೊಗೆ ಇಲ್ಲದಿದ್ದರೂ ಬರುತ್ತಿರಲಿಲ್ಲವೇನೋ?" ಅಂದರು.

ನಮ್ಮ ತಾತ ಹೇಳಿದ್ದಾನೆ ಅಂದರೆ ಸಾಕಿತ್ತೇ? "ಗೊತ್ತಿಲ್ಲ ಮೇಡಂ" ಅಂದೆ. "ಗೊತ್ತಾಗಬೇಕಾದರೆ ಒಂದು ಕಡೆ ಹೊಗೆ ಹಾಕದೆ ಬಿಡಬೇಕು. ತಾತ ಬಿಡುತ್ತಿರಲಿಲ್ಲ. ಅದು ನಾವು ಉಣ್ಣುವ ರಾಗಿ." ಮೂವರೂ ನಕ್ಕರು. ನನಗೆ ಅಳು ಬಂತು. ನಲವತ್ತು ವರ್ಷ ಹೊಲ ಕಾದವನ ಮಾತನ್ನು ಗುರುತಿಲ್ಲದವರ ಮುಂದೆ ಗೊತ್ತಿಲ್ಲ ಅಂದುಬಿಟ್ಟೆನಲ್ಲ, ನನ್ನ ಮೇಲೆ ಸಿಟ್ಟಾ?

ನಿನ್ನೆ ಫಲಿತಾಂಶ ಬಂತು ತಾತ. ಸೀಟು ಸಿಕ್ಕಿತು! ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಸಂತೋಷವೂ ನೆಟ್ಟಗೆ ಆಗಲಿಲ್ಲ. ಅಪ್ಪನ ಹತ್ತಿರ ಹೋಗಿ, ಪಡುವಣ ಬದುವಿನ ಪಕ್ಕ ನಾಲ್ಕು ಸಾಲಿಗೆ ಹೊಗೆ ಹಾಕುವುದು ಬೇಡ ಅಂದೆ. "ತಲೆ ಕೆಟ್ಟದಾ? ಇನ್ನೊಂದು ವಾರಕ್ಕೆ ಕೊಯ್ಲು!" ಅಂತ ರೇಗಿದ. ಆಮೇಲೆ ನಿನ್ನ ಜಗಲಿ ಕಡೆ ನೋಡಿ, "ನಿಮ್ ತಾತ ಇದ್ದಿದ್ರೆ ಕೋಲು ತಕೊಂಡಿರೋನು" ಅಂದ. ಕೊನೆಗೆ, "ಆಯ್ತು, ಬುಡು" ಅಂದ.

ಈಗಷ್ಟೇ ಮೂರು ಕಡೆ ನಾನೇ ಹೊಗೆ ಹಾಕಿ ಬಂದೆ. ಮೈಯೆಲ್ಲ ಘಾಟು. ಊರವರೆಲ್ಲ ಆನೆ ಬರದಿರಲಿ ಅಂತ ಕೈಮುಗಿಯುತ್ತಿದ್ದಾರೆ, ನಾನೊಬ್ಬಳು ಬರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಆ ನಾಲ್ಕು ಸಾಲು ತಿಂದು, ತುಳಿದು, ಮಿಕ್ಕಿದ್ದನ್ನು ಮುಟ್ಟದೆ ಹೋಗಲಿ ತಾತ. ಆ ಮೇಡಂ ಎದುರು ಇನ್ನೊಂದು ಸಲ ನಿಂತು, "ಗೊತ್ತು" ಅನ್ನಬೇಕು ನಾನು.

ನಿನ್ನ ಅಮ್ಮಿ