ಬೆಕ್ಕಿಗೆ ಹಲ್ಲು ಕೊಟ್ಟ ಅಜ್ಜಿ ಮತ್ತು ನನ್ನ ಹತ್ತು ನಿಮಿಷ

ಓದಿನ ಹೊಸ ಪಠ್ಯಕ್ರಮದ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ಹತ್ತು ನಿಮಿಷ ನನಗೆ ವಾಪಸು ಕೊಡಿ. ಕುಶಲ ವಿಚಾರಣೆ ಆಮೇಲೆ.

ಎರಡನೇ ತರಗತಿಯ 'ಎ' ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಪ್ರತಿ ಬೆಳಿಗ್ಗೆ ಹತ್ತು ನಿಮಿಷ ನಾನು ಬೇಕೆಂದೇ ತಪ್ಪು ಓದುತ್ತಿದ್ದೆ. ಹಲಗೆಯ ಮೇಲೆ 'ಮರದ ಮೇಲೆ ಕಾಗೆ' ಎಂದಿದ್ದರೆ 'ಮರದ ಮೇಲೆ ಕಾಗದ' ಎನ್ನುತ್ತಿದ್ದೆ. ಮಕ್ಕಳು ಅಕ್ಷರ ನೋಡಿ ನನ್ನನ್ನು ಹಿಡಿಯಬೇಕು. ನಿಮ್ಮ ಸುತ್ತೋಲೆ, ಹೊಸದನ್ನು ಈಗಿರುವ ದಿನಚರಿಯಲ್ಲಿ ಅಳವಡಿಸಿ ಎಂದಿತು. ಜೊತೆಗೆ ಬಂದ ವೇಳಾಪಟ್ಟಿಯಲ್ಲಿ ಆ ದಿನಚರಿಗೆ ಒಂದು ನಿಮಿಷವೂ ಇರಲಿಲ್ಲ. ಅಳವಡಿಸಿ ಎಂದಿರೋ, ಅಳಿಸಿ ಎಂದಿರೋ?

ತಪಾಸಣೆಯ ದಿನ ನಾನು ಕಾಗೆಯನ್ನು ಕಾಗದ ಮಾಡಿದ್ದನ್ನು ಬಾಗಿಲಲ್ಲೇ ನಿಂತು ಕೇಳಿದಿರಿ. 'ಶಿಕ್ಷಕಿಯ ಓದಿನಲ್ಲಿ ದೋಷವಿದೆ' ಎಂದು ಬರೆದುಕೊಂಡು ಪಕ್ಕದ 'ಬಿ' ವಿಭಾಗಕ್ಕೆ ಹೋಗಿ, ಅದನ್ನು ಮಾದರಿ ತರಗತಿ ಎಂದು ಘೋಷಿಸಿದಿರಿ. ಅಲ್ಲಿ ಪಾಠ ಮಾಡುವವಳು ಯಾರು ಗೊತ್ತೇ? ನನ್ನ ನಾದಿನಿ. ಒಂದೇ ಮನೆ, ಒಂದೇ ಒಲೆ. ಊಟಕ್ಕೆ ಕೂತಾಗ, "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ನಾನು ಹೇಳಿಕೊಡ್ತೀನಿ" ಎಂದಳು. ಅತ್ತೆ ಅವಳಿಗೇ ಇನ್ನೊಂದು ಸೌಟು ಬಡಿಸಿದರು. ನನ್ನ ಹೊಟ್ಟೆ ಧಗಧಗ ಉರಿಯಿತು. ಮರ್ಯಾದಸ್ಥರು ಇದನ್ನೆಲ್ಲ ಬಹಿರಂಗವಾಗಿ ಬರೆಯುವುದಿಲ್ಲ. ನಾನು ಬರೆಯುತ್ತೇನೆ.

ನಿಮ್ಮ ಆಜ್ಞೆಯಂತೆ ನಾನೂ ನನ್ನ ಮಕ್ಕಳೂ ಅವಳ ತರಗತಿಯ ಹಿಂದಿನ ಬೆಂಚುಗಳಲ್ಲಿ ಕಲಿಯಲು ಕೂತೆವು. ನೀವೂ ಇದ್ದಿರಿ. ನಿಮ್ಮ ಹೊಸ ಪುಸ್ತಕದ ಒಂಬತ್ತನೇ ಪುಟ: 'ಅಜ್ಜಿ ಬೆಕ್ಕಿಗೆ ಹಲ್ಲು ಕೊಟ್ಟಳು.' ಹಾಲು ಅಚ್ಚಿನಲ್ಲಿ ಹಲ್ಲಾಗಿತ್ತು. ನಾದಿನಿ ರಾಗವಾಗಿ ಓದಿದಳು, ಮೂವತ್ತೆರಡು ಮಕ್ಕಳು ಅದನ್ನೇ ಕೂಗಿದರು, ನೀವು ತಲೆದೂಗಿದಿರಿ.

ನನ್ನ ಪಕ್ಕ ಕೂತಿದ್ದ ಹುಡುಗಿ ಶಾಲೆಗೆ ಬಂದ ಮೇಲೆ ಐದು ತಿಂಗಳು ತುಟಿ ಬಿಚ್ಚಿರಲಿಲ್ಲ. ಅವಳ ಮೊದಲ ಮಾತೇ ನನ್ನ ತಪ್ಪು ಹಿಡಿದದ್ದು. ಈಗ ಅವಳು ನನ್ನ ತೋಳು ಜಗ್ಗಿದಳು: "ಟೀಚರ್, ತಪ್ಪು! ಅಜ್ಜಿಗೇ ಹಲ್ಲಿರಲ್ಲ, ಬೆಕ್ಕಿಗೆ ಎಲ್ಲಿಂದ ಕೊಡ್ತಾಳೆ? ನಾನು ಹೇಳ್ಲಾ?"

"ಶ್! ಬಾಯಿ ಮುಚ್ಕೊಂಡು ಕೂತ್ಕೋ" ಎಂದೆ.

ಓದಿನ ನಡುವೆ ಯಾರೂ ಮಾತಾಡಬಾರದೆಂಬ ನಿಮ್ಮ ನಿಯಮದ ಮೇಲೆ ಗೂಬೆ ಕೂರಿಸಬಹುದಿತ್ತು. ನಿಜ ಅದಲ್ಲ. ನಾದಿನಿಯ ಆ ತಪ್ಪನ್ನು ನಿಮ್ಮೆದುರು ನಾನೇ ಹಿಡಿಯಬೇಕೆಂಬ ಹಠ ನನಗಿತ್ತು. ಹಿಡಿದೆ ಕೂಡ. ನೀವು ನಕ್ಕು, "ಅಯ್ಯೋ, ಮುದ್ರಣದೋಷ, ಬಿಡಿ ಮೇಡಂ" ಎಂದಿರಿ. ನಾನು ಬೇಕೆಂದು ಮಾಡಿದರೆ ದೋಷ, ನೀವು ಅಚ್ಚು ಹಾಕಿಸಿ ಹಂಚಿದರೆ ಬಿಡಿ!

ಅಂದಿನಿಂದ ಆ ಹುಡುಗಿ ಮಾತಾಡಿಲ್ಲ. ಇಂದಿಗೆ ಹತ್ತೊಂಬತ್ತು ದಿನ. ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಾಳೆ. ನಿಮ್ಮ ನಲವತ್ತು ನಿಮಿಷದ ಓದಿನ ಅವಧಿಯಲ್ಲಿ ಹತ್ತು ನನಗೆ ಬಿಡಿ. ಉಳಿದ ಮೂವತ್ತರಲ್ಲಿ ನಿಮ್ಮ ಪುಸ್ತಕವನ್ನು ಒಂದಕ್ಷರ ಬಿಡದೆ ಓದಿಸುತ್ತೇನೆ. ಮಾದರಿ ಪಟ್ಟ ನಾದಿನಿಗೇ ಇರಲಿ. ನಾನು ಆ ಮಗುವಿನ ಮುಂದೆ ದಿನವೂ ತಪ್ಪು ಓದಬೇಕು, ಅದು ಮತ್ತೆ ನನ್ನನ್ನು ಗದರುವವರೆಗೂ.

ಇಂತಿ,
ಸರಿ ಹೇಳಿದ ಮಗುವಿನ ಬಾಯಿ ಮುಚ್ಚಿಸಿದ
'ಎ' ವಿಭಾಗದ ಟೀಚರು